ಬಿಸಿ ಸೀಟಿಗೆ ಲೈನ್ ಎಲ್ಲಿಂದ?

ಹಳೆಯ ಕಾರಿಗೆ ಬಿಸಿಯಾಗುವ ಸೀಟು ಕೂಡಿಸಿದ ಕೆಲಸವನ್ನು ನಮ್ಮ ಕಡೆ ಅಳೆಯುವ ರೀತಿ ಒಂದೇ. ನೋಡಲು ಬಂದವರು ಬಾಗಿಲು ತೆರೆದು ರೆಗ್ಜಿನ್ ಮೇಲೆ ಅಂಗೈ ಊರುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ‘ಭಾರಿ ಆಗೇತ್ರೀ’ ಎನ್ನುತ್ತಾರೆ. ಬೇಗ ಬಿಸಿಯಾದರೆ ಒಳ್ಳೆಯ ಕೆಲಸ, ತಡವಾದರೆ ಕಳಪೆ. ಕುಶನ್ ಅಂಗಡಿಯವರು ಮಾರುವುದೂ ಹೀಗೆಯೇ, ಕಾರಿನ ಬಗ್ಗೆ ಬರೆಯುವವರು ಹೊಗಳುವುದೂ ಹೀಗೆಯೇ. ಈ ಅಂಗೈ ವಿಮರ್ಶೆಯನ್ನು ನಾನು ಒಪ್ಪುವುದಿಲ್ಲ. ಪ್ರತಿರೋಧವಿರುವ ಎಳೆಯಲ್ಲಿ ಕರೆಂಟ್ ಹರಿದರೆ ಅದು ಬಿಸಿಯಾಗಲೇಬೇಕು. ಅದರಲ್ಲಿ ಕೂಡಿಸಿದವನ ಹೆಚ್ಚುಗಾರಿಕೆ ಏನೂ ಇಲ್ಲ. ಅವನ ಕೈಗುಣ ಕಾಣುವುದು ಬ್ಯಾಟರಿಯಿಂದ ಸೀಟಿನವರೆಗೆ, ಕಾರ್ಪೆಟ್ಟಿನ ಅಡಿಯಲ್ಲಿ. ಅಲ್ಲಿ ಯಾರೂ ಅಂಗೈ ಊರುವುದಿಲ್ಲ.

ಬಿಸಿ ಸೀಟಿನ ಚರಿತ್ರೆ ಬಲ್ಲವರಿಗೆ ಹೊಸದೇನಲ್ಲ. ಅಮೆರಿಕದ ಕ್ಯಾಡಿಲಾಕ್ 1966ರಲ್ಲಿ ಅದನ್ನು ಹೆಚ್ಚುವರಿ ಸೌಕರ್ಯವಾಗಿ ಕೊಟ್ಟಿತು. ಸ್ವೀಡನ್ನಿನ ಸಾಬ್ 1970ರ ದಶಕದ ಮೊದಲಲ್ಲಿ ತನ್ನ 99 ಮಾದರಿಗೆ ಹಾಕಿ ಮನೆಮಾತು ಮಾಡಿತು. ಬಿಎಂಡಬ್ಲ್ಯೂ 2022ರಲ್ಲಿ ಕೆಲವು ದೇಶಗಳಲ್ಲಿ ಸೀಟಿನ ಬಿಸಿಗೂ ತಿಂಗಳ ಬಾಡಿಗೆ ಕೇಳಲು ಹೋಗಿ, ಬೈಸಿಕೊಂಡು, ಮರುವರ್ಷ ಕೈಬಿಟ್ಟಿತು. ನಮ್ಮಲ್ಲಿ ಈ ಆಸೆ ಹುಟ್ಟಿದ್ದು ಸೆಕೆಯ ಕಡೆಯಿಂದ. 2017ರ ಹ್ಯುಂಡೈ ವೆರ್ನಾ ಗಾಳಿಯಾಡುವ ಸೀಟು ತಂದಿತು, 2023ರ ವೆರ್ನಾ ಗಾಳಿಯ ಜತೆಗೆ ಬಿಸಿಯನ್ನೂ ಸೇರಿಸಿತು. ಹೊಸ ಕಾರಿನಲ್ಲಿ ಕಂಡದ್ದನ್ನು ಹಳೆಯ ಕಾರಿಗೆ ಬೇಡುವುದು ಲೋಕರೂಢಿ.

ನಮ್ಮ ಮುರಗೋಡದಂಥ ಊರಿಗೆ ಬಿಸಿ ಸೀಟು ಯಾಕೆ ಎಂದು ನಗುವವರಿದ್ದಾರೆ. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಡುವ ಸೀಮೆ ಇದು, ನಿಜ. ಆದರೆ ಇಲ್ಲಿ ಅದನ್ನು ಹಾಕಿಸುವವರು ಚಳಿಗೆ ಹೆದರಿದವರಲ್ಲ, ಸೊಂಟ ಹಿಡಿದವರು. ಬೆಳಗಿನ ಜಾವ ಎದ್ದು ಬೈಲಹೊಂಗಲದ ಮಾರ್ಕೆಟ್ಟಿಗೋ ಸವದತ್ತಿಗೋ ಓಡಾಡುವ, ಅರವತ್ತು ದಾಟಿದ ಅಡತಿಯವರು, ಕಬ್ಬಿನ ಗುತ್ತಿಗೆಯವರು. ಧನುರ್ಮಾಸದಲ್ಲಿ ಪಾರಾ 15 ಡಿಗ್ರಿಗಿಂತ ಕೆಳಗೆ ಇಳಿದಾಗ ಅವರಿಗೆ ಬೇಕಾಗುವುದು ಕಾರಿನೊಳಗಿನ ಬೆಚ್ಚನೆ ಗಾಳಿಯಲ್ಲ, ಸೊಂಟಕ್ಕೆ ಕಾವು. ನಗುವವರಿಗೆ ಇಷ್ಟು ಉತ್ತರ ಸಾಕು.

ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಅಂಥ ಅಡತಿ ವ್ಯಾಪಾರಿಯೊಬ್ಬರ ಡೀಸೆಲ್ ಅಂಬಾಸಿಡರ್. ಮುಂದಿನ ಸೀಟು ಉದ್ದನೆಯ ಒಂದೇ ಬೆಂಚು. ಬೆಂಚಿನ ಎರಡೂ ತುದಿಗೆ ಕೂರುವಲ್ಲೊಂದು ಬೆನ್ನಿಗೊಂದರಂತೆ ಕಾರ್ಬನ್ ಎಳೆಯ ಪ್ಯಾಡು. ವಾಯರಿಂಗ್ ಮಾಡಿದವರು ಬೈಲಹೊಂಗಲದ ಒಬ್ಬ ಇಲೆಕ್ಟ್ರಿಶನ್. ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಗೂ ಮುನವಳ್ಳಿಗೂ ಕಬ್ಬು ಹೊರುವ ಟ್ರ್ಯಾಕ್ಟರುಗಳ ಟ್ರೇಲರ್ ಲೈಟು ಕಟ್ಟಿಯೇ ಕೈ ಪಳಗಿಸಿಕೊಂಡವರು. ಆ ಕೆಲಸ ಕಲಿಸುವ ಪಾಠ ದೊಡ್ಡದು. ಪ್ರತಿ ಖೇಪಿಗೂ ವಾಯರ್ ಹರಿಯುತ್ತದೆ, ಮತ್ತು ಎಲ್ಲಿ ಹರಿಯಿತು ಎಂಬುದು ಕಟ್ಟಿದವನ ತಪ್ಪನ್ನು ಬೆರಳಿಟ್ಟು ತೋರಿಸುತ್ತದೆ.

ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಲೈನ್ ಎಲ್ಲಿಂದ ತಗೊಂಡೀರಿ?’

‘ಬ್ಯಾಟರಿ ಬಿಟ್ಟು ಮತ್ತೆಲ್ಲಿಂದ ತಗೋತಾರ್ರೀ ಸರ? ಕೀಲಿಗೆ ಬರೇ ಹುಕುಂ ಕೊಡು ಅಂದೇನಿ. ಭಾರ ಹೊರಸಿಲ್ಲ.’

ಈ ಮಾತಿನ ಬೆಲೆ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಪೆಟ್ಟಿಗೆಯ ಮೇಲೆ ಒಂದು ಸೀಟಿಗೆ 45 ವಾಟ್ ಎಂದು ಬರೆದಿದೆ ಎಂದುಕೊಳ್ಳಿ. ಅದು 12 ವೋಲ್ಟಿನ ಲೆಕ್ಕ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಕೊಡುವುದು ಸುಮಾರು 14 ವೋಲ್ಟ್. ಪ್ಯಾಡಿನ ಪ್ರತಿರೋಧ ಅಷ್ಟೇ ಇರುವುದರಿಂದ ಶಾಖ ವೋಲ್ಟೇಜಿನ ವರ್ಗದಂತೆ ಏರುತ್ತದೆ: 45 ಹೋಗಿ 61 ವಾಟ್. ಎರಡು ಸೀಟು ಸೇರಿ ಎಳೆಯುವ ಕರೆಂಟ್ 9 ಆಂಪಿಯರಿಗೆ ಹತ್ತಿರ. ಹೆಡ್‌ಲೈಟಿನ 45 ವಾಟಿನ ಎರಡು ಬಲ್ಬು ಸೇರಿ ಎಳೆಯುವುದೇ ಏಳೂವರೆ ಆಂಪಿಯರ್. ಅಂದರೆ ಮೂವತ್ತು ನಲವತ್ತು ವರ್ಷ ತಿರುಗಿ ತಿರುಗಿ ಸವೆದ ಕೀಲಿಯ ಒಳಗಿನ ಹಿತ್ತಾಳೆಯ ಮೇಲೆ ಇನ್ನೊಂದು ಜೊತೆ ಹೆಡ್‌ಲೈಟಿನ ಭಾರ ಹೇರಿದ ಹಾಗೆ. ಅದಕ್ಕೇ ರಿಲೇ. ರಿಲೇಯ ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಪಾಲಿಗಿಂತ ಕಡಿಮೆ. ಕೀಲಿ ಅಷ್ಟನ್ನು ಮಾತ್ರ ದಾಟಿಸುತ್ತದೆ, 9 ಆಂಪಿಯರ್ ಬ್ಯಾಟರಿಯಿಂದ ನೇರವಾಗಿ ರಿಲೇಯ ಮೂಲಕ ಸೀಟಿಗೆ ಹೋಗುತ್ತದೆ.

ರಿಲೇ ಹಾಕುವುದು ಈಗ ಎಲ್ಲರಿಗೂ ಗೊತ್ತು, ಅಷ್ಟಕ್ಕೇ ಹೊಗಳಬೇಕಾಗಿಲ್ಲ. ನನ್ನನ್ನು ನಿಲ್ಲಿಸಿದ್ದು ಹುಕುಂ ಎಲ್ಲಿಂದ ಹೊರಡುತ್ತದೆ ಎಂಬುದು. ಅಂಬಾಸಿಡರಿನ ವಂಶ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್, ಅದರ ವಾಯರಿಂಗ್ ಲೂಕಾಸ್ ಕಂಪನಿಯ ಬಣ್ಣಗಳ ಶಾಸ್ತ್ರ. ಕಂದು ವಾಯರ್ ಅಂದರೆ ಬ್ಯಾಟರಿಯಿಂದ ಸದಾ ಜೀವಂತ. ಬಿಳಿ ಅಂದರೆ ಕೀಲಿ ತಿರುವಿದ ಮೇಲೆ ಜೀವ ಬರುವುದು, ಫ್ಯೂಸಿಗೆ ಇನ್ನೂ ಮುಟ್ಟಿಲ್ಲ. ಹಸಿರು ಅಂದರೆ ಕೀಲಿಯನ್ನೂ ಫ್ಯೂಸನ್ನೂ ದಾಟಿ ಬಂದದ್ದು. ಕಪ್ಪು ಅರ್ಥಿಂಗ್. ಅವಸರದ ಕೈ ಕೀಲಿಯ ಹಿಂದೆ ಸುಲಭವಾಗಿ ಸಿಗುವ ಬಿಳಿಯನ್ನು ಕೊರೆಯುತ್ತದೆ. ಟೆಸ್ಟ್ ಲ್ಯಾಂಪ್ ಬಿಳಿಯ ಮೇಲೂ ಉರಿಯುತ್ತದೆ, ಹಸಿರಿನ ಮೇಲೂ ಉರಿಯುತ್ತದೆ, ಹಾಗಾಗಿ ವ್ಯತ್ಯಾಸ ಲ್ಯಾಂಪಿಗೆ ಕಾಣುವುದಿಲ್ಲ. ಈ ಇಲೆಕ್ಟ್ರಿಶನ್ ಫ್ಯೂಸ್ ಪೆಟ್ಟಿಗೆಯ ಆಚೆ ಬದಿಯ ಹಸಿರಿಗೆ ಥಿಂಬಲ್ ಹಾಕಿ ಹುಕುಂ ತೆಗೆದಿದ್ದಾರೆ. ರಿಲೇಯ ಕಾಯಿಲ್ ನಾಳೆ ಸುಟ್ಟು ಶಾರ್ಟ್ ಆದರೆ ಹೋಗುವುದು ಒಂದು ಫ್ಯೂಸ್, ಕೀಲಿಯಲ್ಲ. ಇನ್ನೂ ಮುಖ್ಯವಾದದ್ದು, ಅವರು ಸೇರಿಸಿದ ಹೊಸ ವಾಯರಿನ ಬಣ್ಣವೂ ಹಸಿರೇ, ಬ್ಯಾಟರಿಯಿಂದ ಎಳೆದ ಹೊಸ ದಪ್ಪ ವಾಯರ್ ಕಂದೇ. ಹಳಗನ್ನಡ ಕಾವ್ಯ ಸಂಪಾದಿಸುವವರು ಪ್ರಕ್ಷಿಪ್ತ ಪದ್ಯವನ್ನು ಛಂದಸ್ಸು ತಪ್ಪಿದ ಕಡೆ ಹಿಡಿಯುತ್ತಾರೆ. ಇಲ್ಲಿ ಛಂದಸ್ಸು ತಪ್ಪಿಲ್ಲ. ಇಪ್ಪತ್ತು ವರ್ಷದ ಮೇಲೆ ಈ ಕಾರನ್ನು ಬಿಚ್ಚುವ ಮಿಸ್ತ್ರಿಗೆ ಯಾವುದು ಉತ್ತರಪಾರಾದ ಕಾರ್ಖಾನೆಯಲ್ಲಿ ಹಾಕಿದ್ದು, ಯಾವುದು ಬೈಲಹೊಂಗಲದಲ್ಲಿ ಸೇರಿದ್ದು ಎಂದು ಗೊತ್ತಾಗದಿದ್ದರೂ ನಡೆಯುತ್ತದೆ. ಬಣ್ಣ ಹೇಳುವ ಮಾತು ಎರಡರಲ್ಲೂ ಒಂದೇ.

ಫ್ಯೂಸಿನ ಜಾಗವನ್ನೂ ನೋಡಬೇಕು. ಹಲವರು ಅದನ್ನು ಸೀಟಿನ ಹತ್ತಿರ, ಕೈಗೆ ಸಿಗುವಂತೆ ಇಡುತ್ತಾರೆ. ಫ್ಯೂಸ್ ಇರುವುದು ಪ್ಯಾಡನ್ನು ಉಳಿಸಲು ಎಂಬ ತಪ್ಪು ತಿಳಿವಳಿಕೆ ಇದರ ಬೇರು. ಫ್ಯೂಸ್ ಉಳಿಸುವುದು ವಾಯರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ಉದ್ದಕ್ಕೆ ಯಾವ ಕಾವಲೂ ಇಲ್ಲ, ಅಲ್ಲಿ ತಗಡು ಉಜ್ಜಿ ಇನ್ಸುಲೇಶನ್ ಹರಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅದರಲ್ಲೇ ಸುರಿಯುತ್ತದೆ. ಇವರ 15 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಕೂತಿದೆ. ಹಳೆಯ ಲೂಕಾಸ್ ಫ್ಯೂಸಿನ ಬಲೆಗೂ ಇವರು ಬಿದ್ದಿಲ್ಲ. ಆ ಗಾಜಿನ ನಳಿಗೆಯ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಅಂಕಿ, ಸತತವಾಗಿ ಹೊರಬಲ್ಲದ್ದು 17 ಮಾತ್ರ. ಈಗಿನ ಬ್ಲೇಡ್ ಫ್ಯೂಸಿನ ಮೇಲಿನ ಅಂಕಿ ಸತತ ಹೊರುವ ಲೆಕ್ಕದ್ದು. ಇದು ಗೊತ್ತಿಲ್ಲದೆ ಹಳೆಯ 35ರ ಜಾಗಕ್ಕೆ ಹೊಸ 35 ಹಾಕಿದವರು ಕಾವಲುಗಾರನನ್ನು ಅರ್ಧ ನಿದ್ದೆಗೆ ಕಳಿಸಿದ್ದಾರೆ. ನಮ್ಮ ಸೀಮೆಯ ಎಷ್ಟೋ ಅಂಬಾಸಿಡರುಗಳಲ್ಲಿ ಹೀಗಿದೆ.

ಇನ್ನು ಅರ್ಥಿಂಗ್. ಸೀಟಿನ ಕಬ್ಬಿಣದ ಚೌಕಟ್ಟಿಗೇ ಕಪ್ಪು ವಾಯರ್ ತಗುಲಿಸಿ ಮುಗಿಸುವುದು ರೂಢಿ. ಬೆಂಚು ಸೀಟು ಹಿಂದೆ ಮುಂದೆ ಸರಿಯುವುದು ಹಳಿಗಳ ಮೇಲೆ, ಹಳಿಯಲ್ಲಿ ಗ್ರೀಸು, ಗ್ರೀಸಿನ ಮೇಲೆ ಎರೆ ಮಣ್ಣಿನ ಧೂಳು. ಅದರ ಮೂಲಕ 9 ಆಂಪಿಯರ್ ಮರಳಿ ಬರಲಿ ಎಂದು ಕಾಯುವುದು ಪವಾಡಕ್ಕೆ ಕಾದಂತೆ. ಇಲ್ಲಿ ಹಾಗಾಗಿಲ್ಲ. ಬಂದಷ್ಟೇ ದಪ್ಪದ ಇನ್ನೊಂದು ವಾಯರ್ ಮರಳಿ ಹೋಗಿ ಬಾಡಿಯ ಬೋಲ್ಟಿಗೆ ಸೇರಿದೆ. ಬೋಲ್ಟಿನ ಅಡಿ ಬಣ್ಣ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿದ್ದಾರೆ. ಸೀಟು ಪೂರ್ತಿ ಮುಂದೆ ಬಂದಾಗಲೂ ಎಳೆಯದಷ್ಟು ಸಡಿಲು ಬಿಟ್ಟು, ಆ ಸಡಿಲು ಸ್ಪ್ರಿಂಗಿಗೆ ಸಿಗದಂತೆ ಚೌಕಟ್ಟಿಗೆ ಕಟ್ಟಿದ್ದಾರೆ. ಕುಶನ್ ಕೆಲಸದವರೂ ಜಾಣರೇ: ಬೆಂಚಿನ ಹಳೆಯ ಪಟ್ಟಿ ಪಟ್ಟಿ ಹೊಲಿಗೆಯನ್ನು ಪ್ಯಾಡ್ ಇರುವ ಕಡೆ ಕೈಬಿಟ್ಟಿದ್ದಾರೆ, ಸೂಜಿ ಪ್ಯಾಡಿನೊಳಗೆ ಹೋಗದಿರಲಿ ಎಂದು. ನೋಡಲು ಸ್ವಲ್ಪ ಬೋಳಾಗಿದೆ. ಇರಲಿ.

ದೋಷಗಳೂ ಇವೆ. ಸ್ವಿಚ್ಚು ಮೊಣಕಾಲು ತಾಗುವ ಜಾಗದಲ್ಲಿದೆ. ಹುಕುಂ ಕೀಲಿಯಿಂದ ಬರುವ ಬದಲು ಆಲ್ಟರ್ನೇಟರಿನ ಚಾರ್ಜಿಂಗ್ ದೀಪದ ಕಡೆಯಿಂದ ಬಂದಿದ್ದರೆ ಇನ್ನೂ ಚೆನ್ನ. ಡೀಸೆಲ್ ಗಾಡಿ ಚಳಿಯಲ್ಲಿ ಮೊದಲು ಹೀಟರ್ ಪ್ಲಗ್ ಕಾಯಿಸಬೇಕು, ಆ ಹೊತ್ತಿನಲ್ಲಿ ಸೀಟೂ ಕೈ ಚಾಚಿದರೆ ಬ್ಯಾಟರಿ ಯಾರಿಗೆಂದು ಕೊಡುವುದು? ಎಂಜಿನ್ ಹಿಡಿದ ಮೇಲಷ್ಟೇ ಸೀಟಿನ ಸರದಿ ಬರುವಂತೆ ಮಾಡಬಹುದಿತ್ತು. ಇಷ್ಟು ಹೇಳಿದರೆ ಸಮತೋಲನದ ಶಾಸ್ತ್ರ ಮುಗಿಯಿತು.

ಈಗ ಯೋಗ್ಯತೆಗಿಂತ ಹೆಚ್ಚು ಹೆಸರು ಗಳಿಸಿಕೊಂಡದ್ದರ ಕಡೆ ಬರೋಣ. ‘ಒಂದೂ ವಾಯರ್ ಕಟ್ ಮಾಡುವುದಿಲ್ಲ’ ಎಂಬ ಘೋಷಣೆಯ ಕಿಟ್ಟುಗಳು. ನಗರದ ಅಂಗಡಿಗಳಲ್ಲಿ ಇವುಗಳದೇ ರಾಜ್ಯ, ಹಳ್ಳಿಯ ವಾಯರಿಂಗ್ ಬಗ್ಗೆ ಮೂಗು ಮುರಿಯುವವರೆಲ್ಲ ಇವನ್ನೇ ಮಾದರಿ ಎನ್ನುತ್ತಾರೆ. ಈಚಿನ ಕಾರುಗಳಲ್ಲಿ, ಸರಿಯಾದ ಕಪ್ಲರ್ ಇರುವ ಕಡೆ, ಮಾತು ನಿಜ. ಹಳೆಯ ಕಾರಿನಲ್ಲಿ ಕಪ್ಲರೇ ಇಲ್ಲ. ಹಾಗಾಗಿ ಕಿಟ್ಟಿನ ಜೊತೆ ಬರುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪನ್ನು ಹಳೆಯ ವಾಯರಿನ ಮೇಲೆ ಒತ್ತುತ್ತಾರೆ, ಅದರೊಳಗಿನ ತಗಡು ಇನ್ಸುಲೇಶನ್ ಸೀಳಿ ತಾಮ್ರಕ್ಕೆ ಕಚ್ಚುತ್ತದೆ. ಕಟ್ ಮಾಡಿಲ್ಲ ಎಂಬುದು ಅಕ್ಷರಶಃ ಸರಿ. ಕಚ್ಚಿಸಿದ್ದಾರೆ. ಗಟ್ಟಿಯಾದ ಹಳೆಯ ಇನ್ಸುಲೇಶನ್ನಿನ ಒಳಗೆ ಕೆಲವು ಎಳೆ ತುಂಡಾಗುತ್ತವೆ, ಸೀಳಿನಿಂದ ತೇವ ಇಳಿಯುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಎರಡು ಮಳೆಗಾಲ ಕಳೆದ ಆ ಜಾಯಿಂಟಿನ ಪ್ರತಿರೋಧ ಒಂದು ಓಮಿನ ಹತ್ತನೇ ಒಂದು ಪಾಲಿಗೆ ಏರಿದೆ ಎಂದುಕೊಳ್ಳಿ. ಮೀಟರಿಗೂ ಸರಿಯಾಗಿ ಸಿಗದಷ್ಟು ಸಣ್ಣ ಅಂಕಿ ಅದು. 9 ಆಂಪಿಯರ್ ಅದರ ಮೂಲಕ ಹರಿದರೆ ಅಲ್ಲೇ 8 ವಾಟ್ ಶಾಖ. ನಂಬರ್ ಪ್ಲೇಟಿನ 5 ವಾಟ್ ಬಲ್ಬನ್ನು ಉರಿಸಿ ಟೇಪಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ತುರುಕಲು ಯಾರಾದರೂ ಒಪ್ಪುತ್ತಾರೆಯೇ? ಅದಕ್ಕಿಂತ ಹೆಚ್ಚಿನ ಬಿಸಿ ಅಲ್ಲಿ ಕೂತಿರುತ್ತದೆ, ಮತ್ತು ಬಿಸಿ ಏರಿದಷ್ಟೂ ಜಾಯಿಂಟ್ ಇನ್ನಷ್ಟು ಕೆಡುತ್ತದೆ. ಸೀಟಿನ ಮೇಲೆ ಊರಿದ ಅಂಗೈಗೆ ಇದು ಕೊನೆಯವರೆಗೂ ತಿಳಿಯುವುದಿಲ್ಲ.

ಬೆಸುಗೆ ಹಾಕಿದರೆ ಎಲ್ಲ ಸರಿ ಎನ್ನುವ ಪಂಡಿತರ ಜೊತೆಗೂ ನನಗೆ ತಕರಾರಿದೆ. ಇವರು ರೇಡಿಯೊ ರಿಪೇರಿಯಿಂದ ಬಂದವರು. ರೇಡಿಯೊ ಮೇಜಿನ ಮೇಲೆ ಕೂರುತ್ತದೆ, ಕಾರು ಯರಗಟ್ಟಿ ದಾರಿಯಲ್ಲಿ ಕುಣಿಯುತ್ತದೆ. ಬೆಸುಗೆಯ ಸೀಸ ಎಳೆಗಳ ನಡುವೆ ಏರಿಕೊಂಡು ಅಷ್ಟು ಭಾಗವನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ. ಬಿರುಸು ಮುಗಿದು ಮೆದು ಶುರುವಾಗುವ ಗಡಿಯಲ್ಲಿ ವಾಯರ್ ಬಾಗಿ ಬಾಗಿ ಮುರಿಯುತ್ತದೆ. ಕಾರ್ಖಾನೆಗಳು ವಾಯರಿನ ತುದಿಗಳನ್ನು ಒತ್ತಿ ಬಿಗಿಯುವ ಥಿಂಬಲ್ಲಿಗೆ ಸೇರಿಸುವುದು ಸೋಮಾರಿತನದಿಂದಲ್ಲ.

ದೊಡ್ಡ ಜಗಳ ಇರುವುದು ಬೈಯುವವರ ಜೊತೆಗಲ್ಲ, ಹೊಗಳುವವರ ಜೊತೆಗೆ. ಇಂಥ ಕೆಲಸ ಕಂಡ ತಕ್ಷಣ ‘ಜುಗಾಡ್’ ಎಂದು ಬೆನ್ನು ತಟ್ಟುವವರ ಒಂದು ಪೀಳಿಗೆಯೇ ಹುಟ್ಟಿದೆ. ಇವರ ಗ್ರಂಥ 2012ರಲ್ಲಿ ಬಂದ ‘ಜುಗಾಡ್ ಇನ್ನೊವೇಶನ್’. ಬರೆದವರು ನವಿ ರಾಜು, ಜೈದೀಪ್ ಪ್ರಭು, ಸಿಮೋನ್ ಅಹುಜಾ. ಗುಜರಾತಿನ ಮನಸುಖ್‌ಭಾಯಿ ಪ್ರಜಾಪತಿಯವರ ಮಣ್ಣಿನ ಫ್ರಿಜ್ ಅವರ ಮೆಚ್ಚಿನ ಉದಾಹರಣೆಗಳಲ್ಲೊಂದು. ಆ ಕುಂಬಾರರು ಮಣ್ಣನ್ನು ಪರೀಕ್ಷಿಸಿ, ಸೋತು, ತಿದ್ದಿ ಕಟ್ಟಿದ ವಸ್ತು ಅದು. ಅದನ್ನು ಥಟ್ಟನೆ ಹೊಳೆದ ಉಪಾಯಗಳ ಸಾಲಿಗೆ ಸೇರಿಸಿದ್ದೇ ನನಗೆ ಹಿಡಿಸಲಿಲ್ಲ. ಪುಸ್ತಕದ ಆರು ಸೂತ್ರಗಳಲ್ಲಿ ಕಡಿಮೆಯಿಂದ ಹೆಚ್ಚು ಮಾಡು, ಸರಳವಾಗಿಡು, ಹೊಂದಿಕೊಂಡು ನಡೆ ಎಂಬವು ಸೇರಿವೆ. ಇವನ್ನು ನಮ್ಮ ಅಂಬಾಸಿಡರಿನ ಬಾನೆಟ್ಟಿನೊಳಗೆ ತಂದು ನೋಡಿ. ಕಡಿಮೆ ಅಂದರೆ ಸಣ್ಣ ವಾಯರ್. ಸರಳ ಅಂದರೆ ರಿಲೇ ಇಲ್ಲ, ಫ್ಯೂಸ್ ಇಲ್ಲ, ಅರ್ಥಿಂಗಿಗೆ ಸೀಟಿನ ಚೌಕಟ್ಟೇ ಸಾಕು. ಹೊಂದಿಕೊಳ್ಳುವುದು ಅಂದರೆ ಕೈಗೆ ಸಿಕ್ಕ ಬಣ್ಣದ ವಾಯರ್. ಆ ಮೂರು ಸೂತ್ರ ಪಾಲಿಸಿದ ಕಾರಿಗೆ ಬೆಂಕಿ ಬೀಳುತ್ತದೆ.

ಬೈಲಹೊಂಗಲದವರು ಮಾಡಿದ್ದು ತದ್ವಿರುದ್ಧ. ಬೇಕಾದದ್ದಕ್ಕಿಂತ ಒಂದು ಅಳತೆ ದಪ್ಪ ವಾಯರ್, ಕೇಳದಿದ್ದರೂ ಒಂದು ಮರಳುವ ವಾಯರ್, ಯಾರಿಗೂ ಕಾಣದ ಜಾಗದಲ್ಲಿ ರಬ್ಬರ್ ಬುಷ್. ಅವರು ನಿಯಮ ಮುರಿದು ಗೆದ್ದವರಲ್ಲ, ಇನ್ನೊಂದು ದೇಶದಲ್ಲಿ ಇನ್ನೊಬ್ಬರು ಬರೆದ ನಿಯಮವನ್ನು ಓದಿ ಪಾಲಿಸಿದವರು. ಇವರನ್ನು ಜುಗಾಡಿನ ಪ್ರತಿಭೆ ಎಂದು ಹೊಗಳಿದರೆ ಎರಡು ಅನ್ಯಾಯ ಒಟ್ಟಿಗೆ ಆಗುತ್ತವೆ. ಅವರ ವಿದ್ಯೆ ಹುಟ್ಟುಗುಣವಾಗಿಬಿಡುತ್ತದೆ, ವಿದ್ಯೆಗೆ ಕೊಡಬೇಕಾದ ಮಜೂರಿ ಉಳಿದುಹೋಗುತ್ತದೆ. ಮ್ಯಾನೇಜ್‌ಮೆಂಟ್ ಬರಹಗಾರರಿಗೆ ಹಳ್ಳಿಯವನು ಸೂತ್ರ ಬಲ್ಲವನಾಗಿ ಕಾಣುವುದೇ ಇಲ್ಲ, ಸದಾ ಚತುರನಾಗಿಯೇ ಕಾಣಬೇಕು. ನಮ್ಮ ಕನ್ನಡದ ಅಂಕಣಕಾರರೂ ಈಚೆಗೆ ಇದೇ ರಾಗ ಹಿಡಿದಿದ್ದಾರೆ.

ಹೊಗಳಬಾರದ ಹಳೆಯ ಕಾರುಗಳೂ ಇವೆ ಎಂದು ಇಲ್ಲಿ ಹೇಳಲೇಬೇಕು. ಆಲ್ಟರ್ನೇಟರ್ ಬರುವ ಮುಂಚಿನ, ಲೂಕಾಸ್ ಸಿ40 ಡೈನಮೊ ಇರುವ ಗಾಡಿ ಕೊಡುವುದು ಹೆಚ್ಚೆಂದರೆ ಸುಮಾರು 22 ಆಂಪಿಯರ್, ಅದೂ ಎಂಜಿನ್ ಓಡುವಾಗ. ಸಣ್ಣ ರೇಸಿನಲ್ಲಿ ಅದು ಕೊಡುವುದು ಲೆಕ್ಕಕ್ಕಿಲ್ಲ. ಹೆಡ್‌ಲೈಟು, ಟೇಲ್ ಲೈಟು, ವೈಪರ್, ಎರಡು ಬಿಸಿ ಸೀಟು ಸೇರಿದರೆ ಬ್ಯಾಟರಿಗೆ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ. ಅಂಥ ಕಾರಿಗೆ ಎಂಥ ಒಳ್ಳೆಯ ವಾಯರಿಂಗ್ ಮಾಡಿದರೂ ಬೆಳಗ್ಗೆ ತಳ್ಳುವುದು ತಪ್ಪದು.

ಕಡೆಗೆ ಪ್ಯಾಡಿನ ವಿಷಯ, ಅಂದರೆ ಎಲ್ಲರೂ ಮೊದಲು ಕೇಳುವ ವಿಷಯ. ಕಾರ್ಬನ್ ಎಳೆಯದು ತಂತಿಯದಕ್ಕಿಂತ ಮೇಲು ಎಂಬ ಮಾತಿನಲ್ಲಿ ಸತ್ಯವಿದೆ. ಒಂದೇ ತಂತಿ ಸುತ್ತಿದ ಪ್ಯಾಡಿನಲ್ಲಿ ಒಂದು ಕಡೆ ತುಂಡಾದರೆ ಇಡೀ ಪ್ಯಾಡು ತಣ್ಣಗೆ, ಅಕ್ಕಪಕ್ಕ ಹಾಯ್ದ ಕಾರ್ಬನ್ ಎಳೆಗಳಲ್ಲಿ ಒಂದು ಹೋದರೆ ಉಳಿದವು ನಡೆಯುತ್ತವೆ. ಆದರೆ ಹೆಚ್ಚು ಬಿಸಿಯೇ ಹೆಚ್ಚು ಗುಣ ಎಂಬುದು ಅಪಾಯದ ಮಾತು. 44 ಡಿಗ್ರಿ ಕೈಗೆ ಹಿತವಾಗಿಯೇ ಇರುತ್ತದೆ. ಅದೇ ಶಾಖ ಒಂದೇ ಜಾಗದಲ್ಲಿ ಸುಮಾರು ಆರು ಗಂಟೆ ಒತ್ತಿಕೊಂಡಿದ್ದರೆ ಚರ್ಮ ಸುಡುತ್ತದೆ ಎಂದು ಅಮೆರಿಕದ ಮೋರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲೇ ತೋರಿಸಿದರು. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಹೊತ್ತು ಸರಸರ ಇಳಿಯುತ್ತದೆ. ಸುಡುತ್ತಿದೆ ಎಂದು ಗೊತ್ತಾಗುವವನು ಎದ್ದುಬಿಡುತ್ತಾನೆ. ಗೊತ್ತಾಗದವನು ಏನು ಮಾಡಬೇಕು? ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವರು ಸೀಟಿನ ಬಿಸಿಯಿಂದ ಗಂಭೀರವಾಗಿ ಸುಟ್ಟುಕೊಂಡ ಪ್ರಕರಣಗಳನ್ನು ಮುಂದಿಟ್ಟು ವೈದ್ಯರು, ಸುರಕ್ಷತೆಯ ಹೋರಾಟಗಾರರು 2011ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಬಾಗಿಲು ತಟ್ಟಿದ್ದರು. ನಮ್ಮಲ್ಲಿ ಈ ಸೀಟು ಬೇಡುವವರು ಯಾರೆಂದು ಆಗಲೇ ಹೇಳಿದೆ: ವಯಸ್ಸಾದವರು. ಅವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ವರ್ಷಗಳ ಮೇಲೆ ಅದು ನರಗಳನ್ನು ಮಂಕು ಮಾಡುತ್ತದೆ. ಕಾವು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಾವಿನ ಅಳತೆ ತಪ್ಪುತ್ತದೆ.

ಅಡತಿಯವರಿಗೂ ಸ್ವಲ್ಪ ದಿನದಲ್ಲಿ ಬಿಸಿ ಸಾಲದಾಯಿತು. ಪ್ಯಾಡಿನೊಳಗೆ ಕರೆಂಟ್ ತಾನಾಗಿ ಕಡಿಯುವ ಥರ್ಮೋಸ್ಟ್ಯಾಟನ್ನು ತೆಗೆದು ನೇರ ಲೈನ್ ಕೊಡು ಎಂದು ಹಟ ಹಿಡಿದರು. ಎರಡು ನಿಮಿಷದ ಕೆಲಸ, ಮೇಲೆ ಮಜೂರಿಯೂ ಸಿಗುತ್ತಿತ್ತು.

‘ಸಾವಕಾರ್ರ, ನಿಮಗ ಶುಗರ್ ಐತಿ. ಅದು ತಾನ ಬಂದ್ ಆಗೂದನ್ನ ನಾ ತಗ್ಯಾಂಗಿಲ್ಲ. ಸಿಟ್ಟಾದರ ಆಗ್ರಿ.’

ಅಡತಿಯವರು ಸಿಟ್ಟಾದರು. ಕಾರನ್ನು ಬೇರೆ ಕಡೆ ತೋರಿಸುತ್ತೇನೆ ಎಂದಿದ್ದಾರೆ. ತೆಗೆದುಕೊಡುವ ಅಂಗಡಿ ಸಿಗುವುದು ಕಷ್ಟವೇನಲ್ಲ, ಅಲ್ಲಿ ಸೀಟು ಇನ್ನೂ ಹೆಚ್ಚು ಬಿಸಿಯಾಗುತ್ತದೆ, ಅಂಗೈ ಊರಿದವರೆಲ್ಲ ಅದನ್ನೇ ಮೇಲಾದ ಕೆಲಸ ಎನ್ನುತ್ತಾರೆ.